ಕುಂಬಳಕಾಯಿ ಕಳ್ಳನ ಹೆಗಲು: ಮೈಯ ಕುರುಹು ಮನಸ್ಸಿಗೆ ಸಾಕ್ಷಿಯೆ?

'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕದ್ದವನು ಬಾಯಿ ಬಿಡದಿದ್ದರೂ ಅವನ ಮೈ ಬಾಯಿ ಬಿಡುತ್ತದೆ ಎಂಬುದು ಗಾದೆಯ ಇಂಗಿತ. ತರಗತಿಯಲ್ಲಿ ಯಾರದೋ ಜಾಮಿಟ್ರಿ ಪೆಟ್ಟಿಗೆ ಕಾಣೆಯಾದಾಗ ಉಪಾಧ್ಯಾಯರಾದ ನಾವು ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತೇವೆ. ಯಾರ ಹಣೆಯಲ್ಲಿ ಬೆವರಿದೆ, ಯಾರ ಕೈ ನಡುಗುತ್ತಿದೆ, ಯಾರು ಉಗುಳು ನುಂಗುತ್ತಿದ್ದಾರೆ ಎಂದು ನೋಡುತ್ತೇವೆ. ಒಬ್ಬ ಹುಡುಗ ಬೆವರಿದನೆಂದರೆ ಅರ್ಧ ತೀರ್ಪು ಆದಂತೆಯೇ! ಆ ಹುಡುಗ ಕದ್ದಿರಬಹುದು. ಅಥವಾ ಮನೆಯಲ್ಲಿ ಏಟು ತಿಂದು ತಿಂದು, ದೊಡ್ಡವರು ದನಿ ಏರಿಸಿದರೆ ಸಾಕು ಬೆವರುವವನಾಗಿರಬಹುದು. ಹಿಂದಿನ ತಿಂಗಳು ಸುಳ್ಳು ಆಪಾದನೆಗೆ ಸಿಕ್ಕಿಕೊಂಡವನಾಗಿರಬಹುದು. ಸುಮ್ಮನೆ ಜ್ವರ ಬಂದಿರಲೂಬಹುದು.

ನಮ್ಮ ದೇಶದ ಹಲವೆಡೆ ಹಿಂದೆ ಶಂಕಿತರ ಬಾಯಿಗೆ ಒಣ ಅಕ್ಕಿ ಹಾಕಿ ಅಗಿಸುತ್ತಿದ್ದರು. ಉಗುಳಿದ ಅಕ್ಕಿ ಒಣಗಿದ್ದರೆ ಅವನೇ ಕಳ್ಳ. ಹೆದರಿದಾಗ ಜೊಲ್ಲು ಕಡಿಮೆಯಾಗುವುದು ನಿಜವಾದ ಶರೀರಕ್ರಿಯೆ. ಆದರೆ ನಿರಪರಾಧಿಯ ಬಾಯಿ ಒಣಗುವುದಿಲ್ಲ ಎಂದವರು ಯಾರು? ಅಕ್ಕಿಯ ಜಾಗದಲ್ಲಿ ಇಂದು ತಂತಿಗಳೂ ಪರದೆಗಳೂ ಬಂದಿವೆ. ಅಡಿಯಲ್ಲಿರುವ ತರ್ಕ ಬದಲಾಗಿದೆಯೆ ಎಂಬುದೇ ಪ್ರಶ್ನೆ. ಮನಸ್ಸಿನ ಸ್ಥಿತಿಗೂ ಮಿದುಳು-ದೇಹಗಳ ಪ್ರತಿಕ್ರಿಯೆಗೂ ಸಂಬಂಧವಿದೆ ಎಂಬುದರಲ್ಲಿ ಸಂದೇಹವಿಲ್ಲ. ಆ ಸಂಬಂಧ ಎಂಥದ್ದು, ಅದನ್ನು ಯಾವ ದಿಕ್ಕಿನಲ್ಲಿ ಓದಬಹುದು, ಯಾವ ದಿಕ್ಕಿನಲ್ಲಿ ಓದಬಾರದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೈಯಲ್ಲಿ ಆಗುವುದೇನು?

ಮೊದಲು ಸಂದೇಹವಿಲ್ಲದ ಭಾಗವನ್ನು ನೋಡೋಣ. ರಾತ್ರಿ ದಾರಿಯಲ್ಲಿ ನಾಯಿಯೊಂದು ಬೊಗಳುತ್ತ ಮೇಲೆ ಬಿತ್ತೆನ್ನಿ. ಕಣ್ಣು, ಕಿವಿಗಳ ಸಂದೇಶ ಮಿದುಳನ್ನು ತಲಪುತ್ತದೆ. ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಸ್ವನಿಯಂತ್ರಿತ ನರವ್ಯೂಹದ ಸಿಂಪಥೆಟಿಕ್ ವಿಭಾಗವನ್ನು ಎಚ್ಚರಿಸುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಒಳತಿರುಳು ಅಡ್ರಿನಲಿನ್ ಸುರಿಸುತ್ತದೆ. ಎದೆಬಡಿತ ಏರುತ್ತದೆ, ಶ್ವಾಸನಾಳಗಳು ಹಿಗ್ಗುತ್ತವೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಜೀರ್ಣಾಂಗಗಳಿಗೆ ಹೋಗುತ್ತಿದ್ದ ರಕ್ತ ಸ್ನಾಯುಗಳತ್ತ ತಿರುಗುತ್ತದೆ. ಒಂದೆರಡು ಸೆಕೆಂಡುಗಳಲ್ಲಿ ಅಂಗೈ ಬೆವರುತ್ತದೆ. ಬೆವರಿನಲ್ಲಿ ಲವಣವಿರುವುದರಿಂದ ಚರ್ಮ ವಿದ್ಯುತ್ತನ್ನು ಹೆಚ್ಚು ಸರಾಗವಾಗಿ ಹಾಯಿಸುತ್ತದೆ, ಅದನ್ನು ಅಳೆಯಬಹುದು. ಇನ್ನೊಂದು ಮಾರ್ಗದಲ್ಲಿ ಪಿಟ್ಯುಟರಿ ಗ್ರಂಥಿಯ ಮೂಲಕ ಅಡ್ರಿನಲ್ ಗ್ರಂಥಿಯ ಹೊರಪದರ ಕಾರ್ಟಿಸಾಲ್ ಸ್ರವಿಸುತ್ತದೆ; ಅದು ರಕ್ತದಲ್ಲಿ ಏರಲು ಹಲವು ನಿಮಿಷಗಳು ಬೇಕು.

ಹಾರ್ವರ್ಡಿನ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು 'ಹೋರಾಡು ಇಲ್ಲವೆ ಓಡು' ಸಿದ್ಧತೆಯೆಂದು ವಿವರಿಸಿದ. ನಮ್ಮ ಭಾಷೆಗೂ ಇದು ಹೊಸದಲ್ಲ. ಎದೆ ಧಸಕ್ಕೆನ್ನುತ್ತದೆ, ಕೈಕಾಲು ತಣ್ಣಗಾಗುತ್ತವೆ, ಕರುಳು ಚುರುಕ್ಕೆನ್ನುತ್ತದೆ, ಹೊಟ್ಟೆ ಉರಿಯುತ್ತದೆ, ಮೈ ಜುಮ್ಮೆನ್ನುತ್ತದೆ. ಭಾವಗಳ ಹೆಸರಿಗಿಂತ ಮೈಯ ಹೆಸರುಗಳೇ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿವೆ ಎಂದರೂ ತಪ್ಪಾಗದು.

ಅಳುವುದರಿಂದ ದುಃಖವೆ?

ಮೊದಲು ಭಯ, ಅದರ ಪರಿಣಾಮವಾಗಿ ನಡುಕ. ಇದು ಸಾಮಾನ್ಯ ತಿಳಿವಳಿಕೆ. ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ 'ಮೈಂಡ್' ಎಂಬ ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ತಲೆಕೆಳಗು ಮಾಡಿದ. ಅವನ ಪ್ರಕಾರ ನಾಯಿಯನ್ನು ಕಂಡ ಕೂಡಲೆ ಮೈ ನಡುಗುತ್ತದೆ. ಆ ನಡುಕದ ಅರಿವೇ ಭಯ. ದುಃಖವಾದ್ದರಿಂದ ಅಳುವುದಲ್ಲ, ಅತ್ತದ್ದರಿಂದಲೇ ದುಃಖ! ಮರುವರ್ಷ, 1885ರಲ್ಲಿ, ಡೆನ್ಮಾರ್ಕಿನ ವೈದ್ಯ ಕಾರ್ಲ್ ಲ್ಯಾಂಗ್ ಕೂಡ ಸ್ವತಂತ್ರವಾಗಿ ಇಂಥದೇ ವಿಚಾರ ಮಂಡಿಸಿದ. ಹಾಗಾಗಿ ಇದಕ್ಕೆ ಜೇಮ್ಸ್-ಲ್ಯಾಂಗ್ ಸಿದ್ಧಾಂತವೆಂದು ಹೆಸರು.

ಈ ಸಿದ್ಧಾಂತದ ದೊಡ್ಡ ಗುಣವೆಂದರೆ ಅದು ಭಾವವನ್ನು ಪ್ರಯೋಗಾಲಯಕ್ಕೆ ತಂದದ್ದು. ಮನಸ್ಸನ್ನು ನೇರವಾಗಿ ಅಳೆಯಲಾಗದು, ನಾಡಿಯನ್ನು ಅಳೆಯಬಹುದು. ದೋಷವೂ ಅಲ್ಲಿಯೇ ಇದೆ. ನಡುಕದ ಅರಿವೇ ಭಯವಾದರೆ, ಭಯದ ನಡುಕಕ್ಕೂ ಕೋಪದ ನಡುಕಕ್ಕೂ ವ್ಯತ್ಯಾಸವಿರಲೇಬೇಕು. ಪ್ರತಿ ಭಾವಕ್ಕೂ ತನ್ನದೇ ಆದ ಮೈಯ ಗುರುತು, ಬೆರಳಚ್ಚಿನಂತೆ, ಇರಬೇಕಾಗುತ್ತದೆ. ಸಿದ್ಧಾಂತ ನಿಲ್ಲುವುದೂ ಬೀಳುವುದೂ ಈ ಒಂದು ಅಂಶದ ಮೇಲೆ.

ಕ್ಯಾನನ್ 1927ರಲ್ಲಿ ಇದರ ಮೇಲೆ ಐದು ಆಕ್ಷೇಪಗಳನ್ನು ಎತ್ತಿದ. ಒಂದು, ಒಳಾಂಗಗಳಿಗೂ ಮಿದುಳಿಗೂ ಇರುವ ನರಸಂಪರ್ಕ ಕತ್ತರಿಸಿದರೂ ಪ್ರಾಣಿಗಳ ಕೋಪದ ವರ್ತನೆ ಉಳಿಯುತ್ತದೆ. ಎರಡು, ಬೇರೆ ಬೇರೆ ಭಾವಗಳಲ್ಲಿ ಒಳಾಂಗಗಳ ಬದಲಾವಣೆ ಒಂದೇ ಬಗೆಯದು. ಜ್ವರ, ಚಳಿ, ಉಸಿರುಕಟ್ಟುವಿಕೆಗಳಲ್ಲೂ ಅದೇ ಬದಲಾವಣೆ ಕಾಣುತ್ತದೆ. ಮೂರು, ಒಳಾಂಗಗಳಿಗೆ ಸಂವೇದನೆ ಕಡಿಮೆ. ನಾಲ್ಕು, ಅವುಗಳ ಬದಲಾವಣೆ ನಿಧಾನ. ಭಾವ ಅದಕ್ಕಿಂತ ಬೇಗ ಹುಟ್ಟುತ್ತದೆ. ಐದು, ಅಡ್ರಿನಲಿನ್ ಚುಚ್ಚಿ ಎದೆಬಡಿತ ಏರಿಸಿದ ಮಾತ್ರಕ್ಕೆ ಭಾವ ಹುಟ್ಟುವುದಿಲ್ಲ. ಕೊನೆಯದಕ್ಕೆ ಸ್ಪೇನಿನ ವೈದ್ಯ ಗ್ರೆಗೊರಿಯೊ ಮರಾನ್ಯೋನ್ 1924ರಲ್ಲಿ ಪ್ರಕಟಿಸಿದ್ದ ಅವಲೋಕನ ಆಧಾರವಾಗಿತ್ತು. ಅಡ್ರಿನಲಿನ್ ಪಡೆದವರಲ್ಲಿ ಬಹುಪಾಲು ಮಂದಿ ಎದೆ ಹೊಡೆದುಕೊಳ್ಳುತ್ತಿದೆ ಎಂದಷ್ಟೇ ಹೇಳಿದ್ದರು. ಭಾವದ ಮಾತೆತ್ತಿದವರಲ್ಲೂ ಹೆಚ್ಚಿನವರು 'ಹೆದರಿದಂತೆ ಆಗುತ್ತಿದೆ' ಎಂದರೇ ಹೊರತು 'ಹೆದರಿಕೆಯಾಗಿದೆ' ಎನ್ನಲಿಲ್ಲ.

ಈ ಐದರಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಮೊದಲನೆಯದು ದುರ್ಬಲ. ಬೆಕ್ಕು ಬುಸುಗುಟ್ಟಿತು ಎಂದ ಮಾತ್ರಕ್ಕೆ ಅದಕ್ಕೆ ಕೋಪದ ಅನುಭವವಾಯಿತು ಎನ್ನಲು ಬಾರದು. ಪ್ರಶ್ನೆ ಇದ್ದುದು ಅನುಭವದ ಬಗ್ಗೆ. ಜೇಮ್ಸ್ ಮಾತಾಡಿದ್ದು ಒಳಾಂಗಗಳ ಬಗ್ಗೆ ಮಾತ್ರವಲ್ಲ, ಮುಖದ, ಕೈಕಾಲಿನ ಸ್ನಾಯುಗಳ ಬಗ್ಗೆಯೂ; ಕ್ಯಾನನ್ ಅವನ್ನು ಬಿಟ್ಟುಬಿಟ್ಟ. ಒಳಾಂಗಗಳಿಂದ ಮಿದುಳಿಗೆ ಬರುವ ಮಾಹಿತಿ ಅವನು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಎಂಬುದೂ ಈಗ ಗೊತ್ತಾಗಿದೆ. ಆದರೆ ಎರಡನೆಯ ಆಕ್ಷೇಪ ಮಾತ್ರ ಇಂದಿಗೂ ಗಟ್ಟಿಯಾಗಿ ನಿಂತಿದೆ. ಒಂದೇ ಕುರುಹಿಗೆ ಹಲವು ಕಾರಣ.

ಈ ಮಾತನ್ನು ಭರತನ ನಾಟ್ಯಶಾಸ್ತ್ರದಲ್ಲಿಯೂ ಕಾಣಬಹುದು. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುವಾಗ ಬೆವರಿಗೆ ಅಲ್ಲಿ ಕೊಡುವ ಕಾರಣಗಳ ಪಟ್ಟಿ ದೊಡ್ಡದು: ಕೋಪ, ಭಯ, ಹರ್ಷ, ನಾಚಿಕೆ, ದುಃಖ, ಶ್ರಮ, ರೋಗ, ತಾಪ, ವ್ಯಾಯಾಮ ಇತ್ಯಾದಿ. ಇದನ್ನು ಹೇಳುವುದು ನಮ್ಮ ಪೂರ್ವಿಕರಿಗೆ ನರವಿಜ್ಞಾನ ತಿಳಿದಿತ್ತು ಎಂದು ಸಾಧಿಸಲು ಅಲ್ಲ. ನಟನಿಗೆ ಪಾಠ ಹೇಳುವವರು ಕಣ್ಣಿಟ್ಟು ನೋಡಿದ್ದರು ಎಂದು ತೋರಿಸಲು ಅಷ್ಟೆ. ಬೆವರೊಂದನ್ನೇ ನೋಡಿ ಭಾವ ಹೇಳಲಾಗದು, ಸಂದರ್ಭ ತಿಳಿಯಬೇಕು ಎಂಬುದು ರಂಗದ ಮೇಲೆ ದಿನವೂ ಕಾಣುವ ಸಂಗತಿ.

ಅರ್ಥ ಹಚ್ಚುವ ಮಿದುಳು

ಸಂದರ್ಭದ ಈ ಪಾತ್ರವನ್ನು ಪ್ರಯೋಗಕ್ಕೆ ಒಡ್ಡಿದವರು ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್. 1962ರಲ್ಲಿ ಪ್ರಕಟವಾದ ಅವರ ಪ್ರಯೋಗ ಇಂದಿಗೂ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ತಪ್ಪದೆ ಬರುತ್ತದೆ. ವಿದ್ಯಾರ್ಥಿಗಳಿಗೆ ವಿಟಮಿನ್ ಎಂದು ಹೇಳಿ ಅಡ್ರಿನಲಿನ್ ಚುಚ್ಚಲಾಯಿತು. ಕೆಲವರಿಗೆ ಎದೆ ಬಡಿದುಕೊಳ್ಳುತ್ತದೆ ಎಂದು ಮುಂಚೆಯೇ ತಿಳಿಸಿದರು, ಕೆಲವರಿಗೆ ತಿಳಿಸಲಿಲ್ಲ, ಕೆಲವರಿಗೆ ತಪ್ಪು ಮಾಹಿತಿ ಕೊಟ್ಟರು. ಇನ್ನೊಂದು ಗುಂಪಿಗೆ ಬರಿಯ ಲವಣ ದ್ರಾವಣ. ಆಮೇಲೆ ಪ್ರಯೋಗಕಾರರ ಕಡೆಯವನೊಬ್ಬನನ್ನು ಪಕ್ಕದಲ್ಲಿ ಕೂರಿಸಿದರು. ಅವನು ಕೆಲವರ ಮುಂದೆ ಉಲ್ಲಾಸದಿಂದ ಕುಣಿದಾಡಿದ, ಕೆಲವರ ಮುಂದೆ ಸಿಡಿಮಿಡಿಗೊಂಡ. ತಮ್ಮ ಎದೆಬಡಿತಕ್ಕೆ ಕಾರಣ ತಿಳಿಯದವರು ಪಕ್ಕದವನನ್ನು ನೋಡಿ ಅದಕ್ಕೆ 'ಸಂತೋಷ' ಅಥವಾ 'ಕೋಪ' ಎಂಬ ಹೆಸರು ಹಚ್ಚಿಕೊಳ್ಳುತ್ತಾರೆ ಎಂಬುದು ಅವರ ತೀರ್ಮಾನ. ಮೈಯ ಉದ್ರೇಕ, ಅದಕ್ಕೆ ಕೊಡುವ ಅರ್ಥ, ಎರಡೂ ಸೇರಿದರೆ ಭಾವ.

ವಿಚಾರ ಸೊಗಸಾಗಿದೆ. ಆದರೆ ಮೂಲ ಲೇಖನದ ಅಂಕಿಗಳನ್ನು ನೋಡಿದವರಿಗೆ ಅಷ್ಟು ಸಮಾಧಾನವಾಗುವುದಿಲ್ಲ. ಲವಣ ದ್ರಾವಣ ಪಡೆದವರಿಗೂ ಕಾರಣ ತಿಳಿಯದೆ ಅಡ್ರಿನಲಿನ್ ಪಡೆದವರಿಗೂ ಕಂಡ ಅಂತರ ಸಿದ್ಧಾಂತಕ್ಕೆ ಬೇಕಾದಷ್ಟು ಸ್ಪಷ್ಟವಾಗಿರಲಿಲ್ಲ. ಕೋಪದ ಗುಂಪಿನವರೂ ತಮ್ಮ ಬಗ್ಗೆ ಬರೆದುಕೊಟ್ಟ ಉತ್ತರಗಳಲ್ಲಿ ಒಟ್ಟಾರೆ ಸಂತೋಷದ ಕಡೆಗೇ ವಾಲಿದ್ದರು. 1979ರಲ್ಲಿ ಮಾರ್ಷಲ್ ಮತ್ತು ಜಿಂಬಾರ್ಡೊ ಒಂದು ಕಡೆ, ಕ್ರಿಸ್ಟಿನಾ ಮಾಸ್ಲಾಕ್ ಇನ್ನೊಂದು ಕಡೆ ಇಂಥ ಪ್ರಯೋಗ ಮಾಡಿದಾಗ ಅದೇ ಫಲ ಸಿಗಲಿಲ್ಲ. ಕಾರಣ ತಿಳಿಯದ ಉದ್ರೇಕ ಯಾವ ಭಾವಕ್ಕಾದರೂ ಒಗ್ಗುವ ಹಿಟ್ಟಿನ ಮುದ್ದೆಯಲ್ಲ, ಅದು ಅಹಿತದ ಕಡೆಗೇ ವಾಲುತ್ತದೆ ಎಂದು ಕಂಡಿತು. ಈ ಎರಡನೆಯ ಅರ್ಧವನ್ನು ಹೇಳದೆ 1962ರ ಪ್ರಯೋಗವನ್ನಷ್ಟೇ ಪಾಠ ಮಾಡುವುದು ವಿಜ್ಞಾನದ ಫಲವನ್ನು ಕೊಟ್ಟು ವಿಧಾನವನ್ನು ಮುಚ್ಚಿಟ್ಟಂತೆ.

ಬೆರಳಚ್ಚಿನ ಹುಡುಕಾಟ

ಇಷ್ಟಾದರೂ ಪ್ರತಿ ಭಾವಕ್ಕೂ ಮೈಯಲ್ಲಿ ಬೇರೆ ಗುರುತಿದೆ ಎಂಬ ಆಸೆ ಸಾಯಲಿಲ್ಲ. 1983ರಲ್ಲಿ ಪಾಲ್ ಎಕ್‌ಮನ್, ರಾಬರ್ಟ್ ಲೆವೆನ್‌ಸನ್, ವ್ಯಾಲೇಸ್ ಫ್ರೀಸೆನ್ ಅವರು ನಟರಿಂದಲೂ ವಿಜ್ಞಾನಿಗಳಿಂದಲೂ ಮುಖದ ಸ್ನಾಯುಗಳನ್ನು ಒಂದೊಂದಾಗಿ ಚಲಿಸುವಂತೆ ಮಾಡಿಸಿ ಅಳತೆ ತೆಗೆದರು. ಕೋಪ, ಭಯ, ದುಃಖಗಳಲ್ಲಿ ಎದೆಬಡಿತ ಹೆಚ್ಚು ಏರಿತು. ಕೋಪದಲ್ಲಿ ಬೆರಳ ತುದಿ ಭಯದಲ್ಲಿದ್ದುದಕ್ಕಿಂತ ಬಿಸಿಯಾಯಿತು. 'ಭಯಕ್ಕೆ ಕೈ ತಣ್ಣಗಾಯಿತು, ಕೋಪಕ್ಕೆ ಮೈ ಬಿಸಿಯಾಯಿತು' ಎನ್ನುವ ನಮ್ಮ ಮಾತಿಗೆ ಇದು ಹೊಂದುತ್ತದೆ. ಆದರೆ ಒಂದು ಪ್ರಯೋಗದ ಸರಾಸರಿ ಎಲ್ಲ ಮನುಷ್ಯರ, ಎಲ್ಲ ಸಂದರ್ಭಗಳ ನಿಯಮವಾಗುವುದಿಲ್ಲ. 2018ರಲ್ಲಿ ಎರಿಕಾ ಸೀಗಲ್, ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಇಂಥ 202 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಒಂದೇ ಭಾವದೊಳಗೆ ಕಂಡ ವ್ಯತ್ಯಾಸಗಳೇ ಅಪಾರವಾಗಿದ್ದವು. ಯಾವ ಭಾವಕ್ಕೂ ಖಚಿತವಾದ ಬೆರಳಚ್ಚು ಸಿಗಲಿಲ್ಲ. ಪರೀಕ್ಷೆಯ ಭಯ, ಹಾವಿನ ಭಯ, ಮಗು ಬಿದ್ದೀತೆಂಬ ಭಯ ಮೂರೂ ಭಯವೇ. ಮೈ ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ.

ಮಿದುಳಿನ ವಿಷಯದಲ್ಲೂ ಹೀಗೆಯೇ. ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗವನ್ನು ನಮ್ಮ ಜನಪ್ರಿಯ ಬರಹಗಳು 'ಭಯದ ಕೇಂದ್ರ' ಎಂದೇ ಕರೆಯುತ್ತವೆ. ಅಪರೂಪದ ಕಾಯಿಲೆಯೊಂದರಿಂದ ಎರಡೂ ಬದಿಯ ಅಮಿಗ್ಡಲ ನಾಶವಾದ ಒಬ್ಬ ಮಹಿಳೆಯನ್ನು ವಿಜ್ಞಾನಿಗಳು ಹಲವು ವರ್ಷ ಅಭ್ಯಾಸ ಮಾಡಿದ್ದಾರೆ. ಹಾವು, ಜೇಡಗಳನ್ನು ಕಂಡರೂ ಆಕೆಗೆ ಭಯವಿಲ್ಲ. ಹಾಗಾದರೆ ಭಯದ ಕೇಂದ್ರ ಸಿಕ್ಕಿತಲ್ಲ ಎನ್ನಬಹುದು. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕೆಗೂ ಇಂಥದೇ ಸ್ಥಿತಿಯ ಇನ್ನಿಬ್ಬರಿಗೂ ಶೇಕಡ 35ರಷ್ಟು ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಸಲ ಉಸಿರಾಡಿಸಿದಾಗ ಮೂವರೂ ಗಾಬರಿಗೊಂಡು ತತ್ತರಿಸಿದರು! ಹೊರಗಿನ ಅಪಾಯದ ಭಯಕ್ಕೆ ಅಮಿಗ್ಡಲ ಬೇಕು. ಉಸಿರುಕಟ್ಟುವ ಒಳಗಿನ ಭಯ ಅದಿಲ್ಲದೆಯೂ ಹುಟ್ಟುತ್ತದೆ. ಒಂದು ಭಾಗ, ಒಂದು ಭಾವ ಎಂಬ ಸಮೀಕರಣ ಇಲ್ಲಿ ಮುರಿದು ಬೀಳುತ್ತದೆ.

ಇದೇ ಪ್ರಯೋಗ ಜೇಮ್ಸ್‌ನ ಪರವಾಗಿಯೂ ಒಂದು ಮಾತು ಹೇಳುತ್ತದೆ. ಮೈಯ ಒಳಗಿನ ಬದಲಾವಣೆ ಭಾವವನ್ನು ಹುಟ್ಟಿಸಬಲ್ಲದು. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಾರ್ಲ್ ಡೈಸೆರಾತ್ ತಂಡ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟ. ಇಲಿಗಳ ಹೃದಯದ ಜೀವಕೋಶಗಳು ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಬೆಳಕಿನ ಮಿಡಿತದಿಂದಲೇ ಎದೆಬಡಿತವನ್ನು ಏರಿಸಿದರು. ಇಲಿಗಳ ಆತಂಕದ ವರ್ತನೆ ಹೆಚ್ಚಿತು, ಆದರೆ ಅಪಾಯದ ಸಂಭವವಿದ್ದ ಸನ್ನಿವೇಶದಲ್ಲಿ ಮಾತ್ರ. ಮಿದುಳಿನ ಇನ್ಸುಲ ಎಂಬ ಭಾಗದ ಹಿಂಬದಿಯನ್ನು ತಡೆದಾಗ ಈ ಪರಿಣಾಮ ಕುಗ್ಗಿತು. ಅಂದರೆ ಹೃದಯದ ಸುದ್ದಿಯನ್ನು ಮಿದುಳು ಕೇಳುತ್ತದೆ. ಕೇಳಿ, ಸುತ್ತಲಿನ ಪರಿಸ್ಥಿತಿಯೊಂದಿಗೆ ಕೂಡಿಸಿ ನೋಡುತ್ತದೆ. ಜೇಮ್ಸ್ ಅರ್ಧ ಸರಿ, ಕ್ಯಾನನ್ ಅರ್ಧ ಸರಿ.

ತಿರುಗಿಸಿ ಓದುವ ತಪ್ಪು

ಈಗ ಮುಖ್ಯ ಮಾತಿಗೆ ಬರೋಣ. 'ಹೆದರಿದರೆ ಎದೆಬಡಿತ ಏರುತ್ತದೆ' ಎಂಬುದು ಬಹುಮಟ್ಟಿಗೆ ನಿಜ. 'ಎದೆಬಡಿತ ಏರಿದೆ, ಆದ್ದರಿಂದ ಹೆದರಿದ್ದಾನೆ' ಎಂಬುದು ಅದರಿಂದ ಹೊರಡುವುದಿಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕಿಲ್ಲ, ಅಮ್ಮ ನೀರು ಹಾಕಿ ಸಾರಿಸಿರಬಹುದು. ತರ್ಕದ ಮೊದಲ ಪಾಠವಿದು. 'ಸುಳ್ಳು ಹೇಳಿದರೆ ಹೆದರುತ್ತಾನೆ, ಹೆದರಿದರೆ ಬೆವರುತ್ತಾನೆ, ಬೆವರಿದ್ದಾನೆ, ಆದ್ದರಿಂದ ಸುಳ್ಳು ಹೇಳಿದ್ದಾನೆ' ಎಂಬಲ್ಲಿ ಅದೇ ತಪ್ಪು ಎರಡು ಸಲ ಆಗುತ್ತದೆ.

ಸುಳ್ಳುಪತ್ತೆ ಯಂತ್ರ ನಿಂತಿರುವುದು ಈ ತಪ್ಪಿನ ಮೇಲೆ. ವಿಲಿಯಂ ಮಾರ್ಸ್ಟನ್ ಸುಳ್ಳು ಹೇಳುವಾಗ ರಕ್ತದೊತ್ತಡ ಏರುವುದೆಂದು ವಾದಿಸಿದ; ಅಮೆರಿಕದ ನ್ಯಾಯಾಲಯ 1923ರ ಫ್ರೈ ಪ್ರಕರಣದಲ್ಲಿ ಅವನ ಪರೀಕ್ಷೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. (ಈತನೇ ಮುಂದೆ 1941ರಲ್ಲಿ ಸತ್ಯ ಹೇಳಿಸುವ ಹಗ್ಗ ಹಿಡಿದ 'ವಂಡರ್ ವುಮನ್' ಎಂಬ ಚಿತ್ರಕಥಾ ನಾಯಕಿಯನ್ನು ಸೃಷ್ಟಿಸಿದ!) 1921ರಲ್ಲಿ ಬರ್ಕ್‌ಲಿಯ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ರಕ್ತದೊತ್ತಡ, ಉಸಿರಾಟಗಳನ್ನು ಒಟ್ಟಿಗೆ ದಾಖಲಿಸುವ ಯಂತ್ರ ರೂಪಿಸಿದ, ಆಮೇಲೆ ಚರ್ಮದ ವಿದ್ಯುದ್ವಾಹಕತೆಯೂ ಸೇರಿತು. ಯಂತ್ರ ಅಳೆಯುವುದನ್ನು ಸರಿಯಾಗಿಯೇ ಅಳೆಯುತ್ತದೆ. ಅದು ಅಳೆಯುವುದು ಉದ್ರೇಕವನ್ನು, ಸುಳ್ಳನ್ನಲ್ಲ. ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲಿ ಮತ್ತು 1991ರಲ್ಲಿ ಈ ಪರೀಕ್ಷೆ ದಾಟಿಬಂದಿದ್ದ, ಸಿಕ್ಕಿಬಿದ್ದದ್ದು 1994ರಲ್ಲಿ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ 2003ರ ವರದಿಯಲ್ಲಿ ಕೊಟ್ಟ ಲೆಕ್ಕವೊಂದನ್ನು ಗಣಿತದ ಶಿಕ್ಷಕರು ಸಂಭವನೀಯತೆಯ ಪಾಠದಲ್ಲಿ ಬಳಸಬಹುದು. 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಸಾಕಷ್ಟು ನಿಖರವಾದದ್ದೆಂದೇ ಭಾವಿಸಿ, ಹತ್ತರಲ್ಲಿ 8 ಗೂಢಚಾರರು ಸಿಗುವಂತೆ ಅದನ್ನು ಹೊಂದಿಸಿ. ಆಗ ಫಲ ಹೀಗಿರುತ್ತದೆ: ಪರೀಕ್ಷೆಯಲ್ಲಿ ಸೋಲುವವರು ಒಟ್ಟು 1,606. ಅವರಲ್ಲಿ ಗೂಢಚಾರರು 8, ನಿರಪರಾಧಿಗಳು 1,598! ಇಬ್ಬರು ಗೂಢಚಾರರು ನಗುತ್ತ ಹೊರಗೆ ನಡೆಯುತ್ತಾರೆ. ಸೋತವರಲ್ಲಿ ಇನ್ನೂರಕ್ಕೆ ಒಬ್ಬನಷ್ಟೇ ನಿಜವಾದ ಅಪರಾಧಿ. ಹುಡುಕುವ ಸಂಗತಿ ಅಪರೂಪವಾದಷ್ಟೂ, ಒಳ್ಳೆಯ ಪರೀಕ್ಷೆಯೂ ಹೆಚ್ಚು ನಿರಪರಾಧಿಗಳನ್ನು ಹಿಡಿಯುತ್ತದೆ.

ನಮ್ಮ ರಾಜ್ಯದ ಹೆಸರಿನಲ್ಲಿ ಒಂದು ತೀರ್ಪು

ಇದು ದೂರದ ಮಾತಲ್ಲ. 2000ದ ದಶಕದಲ್ಲಿ ಮಂಪರು ಪರೀಕ್ಷೆ, ಸುಳ್ಳುಪತ್ತೆ, 'ಬ್ರೇನ್ ಮ್ಯಾಪಿಂಗ್' ಎಂಬ ಪದಗಳು ಕನ್ನಡ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದವು. ಬೆಂಗಳೂರು ಈ ಪರೀಕ್ಷೆಗಳಿಗೆ ದೇಶದಲ್ಲೇ ಹೆಸರಾಗಿತ್ತು. ಇವುಗಳಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನು ಓದುವ ವಿಧಾನ ಹೆಚ್ಚು ವೈಜ್ಞಾನಿಕವಾಗಿ ಕಾಣುತ್ತದೆ. ಪರಿಚಿತವಾದ ಅಥವಾ ಮಹತ್ವದ ವಸ್ತುವನ್ನು ಕಂಡಾಗ ಸುಮಾರು 300 ಮಿಲಿಸೆಕೆಂಡುಗಳ ಬಳಿಕ ಮಿದುಳಿನಲ್ಲಿ ಪಿ-300 ಎಂಬ ಅಲೆ ಏಳುತ್ತದೆ. 1965ರಲ್ಲಿಯೇ ವರದಿಯಾದ ಈ ಅಲೆ ನಿಜವಾದದ್ದು. ಇದರಿಂದಾಚೆಗೆ ಹೋಗಿ, ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ್ದ ಮನೋವಿಜ್ಞಾನಿ ಸಿ.ಆರ್. ಮುಕುಂದನ್, ಕೃತ್ಯವನ್ನು ಸ್ವತಃ ಮಾಡಿದ ಅನುಭವವನ್ನೂ ಕೇಳಿ ತಿಳಿದುದನ್ನೂ ಮಿದುಳಿನ ಅಲೆಗಳಿಂದ ಬೇರ್ಪಡಿಸಬಹುದೆಂಬ ವಿಧಾನವನ್ನು ರೂಪಿಸಿದರು. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ ಇಂಥ ಪರೀಕ್ಷೆಯ ಫಲವನ್ನೂ ಪರಿಗಣಿಸಿತು.

ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿ ಈ ವಿಧಾನವನ್ನು ಪರಿಶೀಲಿಸಿ, ಇದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ತನಿಖೆಯಲ್ಲಾಗಲಿ ಸಾಕ್ಷ್ಯವಾಗಿಯಾಗಲಿ ಬಳಸಬಾರದು ಎಂದು ಅಭಿಪ್ರಾಯಪಟ್ಟಿತು. ಆಕ್ಷೇಪದ ತಿರುಳು ಸರಳ. ಸ್ವತಂತ್ರ ಪ್ರಯೋಗಾಲಯಗಳು ಮತ್ತೆ ಮಾಡಿ ನೋಡಿರಬೇಕು. ತಪ್ಪಿನ ಪ್ರಮಾಣ ಎಷ್ಟೆಂದು ಗೊತ್ತಿರಬೇಕು. ಕೊಲೆಯ ವಿವರವನ್ನು ಪೊಲೀಸರ ಬಾಯಿಂದ, ಪತ್ರಿಕೆಯಿಂದ, ಹತ್ತಾರು ವಿಚಾರಣೆಗಳಿಂದ ಕೇಳಿದವನ ಮಿದುಳಿಗೆ ಆ ವಿವರ ಪರಿಚಿತವೇ ಆಗಿರುತ್ತದೆ. ಪರಿಚಯ ಎಲ್ಲಿಂದ ಬಂತು ಎಂಬುದನ್ನು ಅಲೆ ಹೇಳುತ್ತದೆ ಎನ್ನುವವರೇ ಅದನ್ನು ಸಾಧಿಸಿ ತೋರಿಸಬೇಕು.

2010ರ ಮೇ 5ರಂದು ಸುಪ್ರೀಂ ಕೋರ್ಟು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಮಹತ್ವದ ತೀರ್ಪು ನೀಡಿತು. ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ಅಲೆಗಳ ಪರೀಕ್ಷೆಗಳಿಗೆ ಒಳಪಡಿಸುವಂತಿಲ್ಲ. ಅದು ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲವೂ ತಾನೇ ಸಾಕ್ಷ್ಯವಾಗದು. ನ್ಯಾಯಾಲಯ ಮುಖ್ಯವಾಗಿ ಹಕ್ಕಿನ ನೆಲೆಯಲ್ಲಿ ಮಾತಾಡಿತು, ಪರೀಕ್ಷೆಗಳ ವಿಶ್ವಾಸಾರ್ಹತೆಯ ಮಿತಿಗಳನ್ನೂ ವಿಸ್ತಾರವಾಗಿ ಚರ್ಚಿಸಿತು. ವಿಜ್ಞಾನ ಕಲಿಸುವ ನಾವು ಈ ತೀರ್ಪನ್ನು ವಕೀಲರಿಗೆ ಮಾತ್ರ ಬಿಡಬಾರದು.

ಮಿದುಳಿನ ಬಣ್ಣದ ಚಿತ್ರಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ರಸೆಲ್ ಪೋಲ್ಡ್ರಾಕ್ 2006ರಲ್ಲಿ ತೋರಿಸಿದಂತೆ, ಮಿದುಳಿನ ಒಂದೇ ಭಾಗ ಹಲವು ಕೆಲಸಗಳಲ್ಲಿ ತೊಡಗುವುದರಿಂದ, ಆ ಭಾಗ ಚುರುಕಾಯಿತೆಂದು ಮನಸ್ಸಿನಲ್ಲಿ ಇಂಥದೇ ಇತ್ತು ಎನ್ನುವುದು ದುರ್ಬಲ ತರ್ಕ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಅದಕ್ಕೆ ಭಾವಪೂರ್ಣ ಸನ್ನಿವೇಶಗಳಲ್ಲಿರುವ ಜನರ ಚಿತ್ರಗಳನ್ನು ತೋರಿಸಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಲೇಬೇಕಾದ ಸಂಖ್ಯಾಶಾಸ್ತ್ರದ ತಿದ್ದುಪಡಿ ಬಿಟ್ಟಾಗ ಸತ್ತ ಮೀನಿನ ಮಿದುಳೂ 'ಬೆಳಗಿತು'. ತಿದ್ದುಪಡಿ ಮಾಡಿದಾಗ ಬೆಳಕು ಆರಿತು.

ಹಾಗಾದರೆ ಮನಸ್ಸು ಬೇರೆಯೆ?

ಇಷ್ಟು ಓದಿ, 'ಮೈಯಲ್ಲಿ ಮನಸ್ಸಿನ ಗುರುತು ಸಿಗದು, ಆದ್ದರಿಂದ ಮನಸ್ಸು ದೇಹದಿಂದ ಬೇರೆಯೇ' ಎಂದು ಯಾರಾದರೂ ತೀರ್ಮಾನಿಸಿದರೆ ಅದು ಇನ್ನೊಂದು ತುದಿಯ ತಪ್ಪು. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬವರು ಹಲ್ಲು ಕೀಳಿಸಿಕೊಂಡವರ ಮೇಲೆ ಪ್ರಯೋಗ ನಡೆಸಿದರು. ಔಷಧವಿಲ್ಲದ ಚುಚ್ಚುಮದ್ದನ್ನು ನೋವುನಿವಾರಕವೆಂದು ನಂಬಿ ಕೆಲವರ ನೋವು ಇಳಿದಿತ್ತು. ಅಫೀಮಿನಂಥ ವಸ್ತುಗಳ ಕ್ರಿಯೆಯನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ಆ ಉಪಶಮನ ಮಾಯವಾಗಿ ನೋವು ಮರಳಿತು. ಬರಿಯ ನಂಬಿಕೆಯೂ ದೇಹದೊಳಗಿನ ಎಂಡಾರ್ಫಿನ್‌ಗಳ ಮೂಲಕವೇ ಕೆಲಸ ಮಾಡಿತ್ತು! ಮನಸ್ಸಿನ ಪ್ರತಿ ಸ್ಥಿತಿಗೂ ದೇಹದಲ್ಲಿ ನೆಲೆಯಿದೆ. ಆದರೆ ಆ ನೆಲೆ ಒಂದು ನಾಡಿ, ಒಂದು ಅಲೆ, ಒಂದು ಬಿಂದು ಅಲ್ಲ. ಹಿಂದಿನ ಅನುಭವ, ಈಗಿನ ಸಂದರ್ಭ, ಮೈಯ ಒಳಗಿನ ಸ್ಥಿತಿ ಎಲ್ಲವನ್ನೂ ಕೂಡಿಸುವ ಮಿದುಳಿನ ವ್ಯಾಪಕ ಕ್ರಿಯೆ ಅದು. ಒಂದು ಅಕ್ಷರವನ್ನಷ್ಟೇ ನೋಡಿ ಇಡೀ ವಾಕ್ಯ ಓದಿದೆನೆನ್ನುವುದು ಹೇಗೆ ಸಲ್ಲದೋ ಹಾಗೆಯೇ ಇದೂ.

ತರಗತಿಗೆ ಒಂದು ಚಟುವಟಿಕೆ

ಇದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ. ತರಗತಿಯನ್ನು ಎರಡು ಗುಂಪು ಮಾಡಿ. ಮೊದಲ ಗುಂಪಿನವರು ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ ಬರೆಯಲಿ: ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಇಪ್ಪತ್ತು ಬಸ್ಕಿ ಹೊಡೆದ ಮೇಲೆ, ನಗೆಯ ಪ್ರಸಂಗವೊಂದನ್ನು ಕೇಳಿದ ಮೇಲೆ, ಕರಿಹಲಗೆಯ ಹತ್ತಿರ ಬಂದು ಲೆಕ್ಕ ಬಿಡಿಸುವ ಸರದಿ ಕಾಯುವಾಗ. ಹೆಸರು, ಸನ್ನಿವೇಶ ಬರೆಯದೆ ಅಂಕಿ ಮಾತ್ರ ಇರುವ ಚೀಟಿಗಳನ್ನು ಎರಡನೆಯ ಗುಂಪಿಗೆ ಕೊಡಿ. ಯಾವುದು ಬಸ್ಕಿ, ಯಾವುದು ಅಂಜಿಕೆ, ಯಾವುದು ನಗು ಎಂದು ಅವರು ಊಹಿಸಲಿ. ಎಷ್ಟು ಊಹೆ ಸರಿ ಎಂದು ಎಣಿಸಿ, ಕಣ್ಣುಮುಚ್ಚಿ ಆರಿಸಿದ್ದರೆ ಎಷ್ಟು ಸರಿಯಾಗುತ್ತಿತ್ತು ಎಂಬುದರೊಂದಿಗೆ ಹೋಲಿಸಿ. ಒಬ್ಬರ ವಿಶ್ರಾಂತಿಯ ನಾಡಿ ಇನ್ನೊಬ್ಬರ ಅಂಜಿಕೆಯ ನಾಡಿಗೆ ಸಮನಾಗಿರುವುದನ್ನೂ ಹುಡುಕಲಿ. ಪ್ರಯೋಗದ ಹೆಸರಿನಲ್ಲಿ ಯಾವ ಮಗುವನ್ನೂ ಹೆದರಿಸುವುದು ಬೇಡ; ಉಸಿರಾಟದ ಅಥವಾ ಹೃದಯದ ತೊಂದರೆಯಿರುವವರಿಂದ ಬಸ್ಕಿ ಹೊಡೆಸುವುದೂ ಬೇಡ.

ಕೊನೆಗೆ ಮತ್ತೆ ಗಾದೆಗೆ ಬರೋಣ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದು ನಿಜವಿರಬಹುದು. ಆದರೆ 'ನಿನ್ನ ಹೆಗಲ ಮೇಲೆ ಬೂದಿಯಿದೆ' ಎಂದು ಹತ್ತು ಜನರ ಮುಂದೆ ಗದರಿದರೆ ಕದಿಯದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಮುಂದಿನ ಸಲ ತರಗತಿಯಲ್ಲಿ ಏನಾದರೂ ಕಾಣೆಯಾದಾಗ, ಬೆವರಿದ ಹುಡುಗನನ್ನು ಪಕ್ಕಕ್ಕೆ ಕರೆದು ಮೊದಲು ಕೇಳಬೇಕಾದ ಪ್ರಶ್ನೆ 'ನೀನೇ ತಾನೆ ಕದ್ದದ್ದು?' ಎಂದಲ್ಲ, 'ಯಾಕಪ್ಪಾ, ಮೈ ಹುಷಾರಿಲ್ಲವಾ?' ಎಂದು.